ಸಮವಾದ ಆಟದ ವರದಿ: ಚದುರಂಗದಿಂದ ಒಂದು ಬರವಣಿಗೆಯ ಪಾಠ

ಚದುರಂಗದ ಸ್ಪರ್ಧೆಯಿಂದ ಮರಳಿದ ವಿದ್ಯಾರ್ಥಿಗೆ ವರದಿ ಬರೆಯಲು ಹೇಳಿದರೆ, ‘ಆಟ ಡ್ರಾ ಆಯಿತು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದುಂಟು. ಏಕೆ ಸಮವಾಯಿತೆಂಬುದೇ ವರದಿಯ ಜೀವ. ಗೂಡಲೂರು, ಮಸಿನಗುಡಿಗಳ ನಮ್ಮ ಮಕ್ಕಳಲ್ಲಿ ಕೆಲವರಾದರೂ ನಾಳೆ ಉದಕಮಂಡಲದ ಕಾಲೇಜು ಸೇರಿ ವಿಶ್ವವಿದ್ಯಾಲಯದ ಪಂದ್ಯಗಳಲ್ಲಿ ಕುಳಿತುಕೊಳ್ಳುವವರು. ಅಂತಹ ಇಬ್ಬರ ಬ್ಲಿಟ್ಜ್ ಆಟದ ಕೊನೆಯನ್ನು ಪಾಠಕ್ಕಾಗಿ ಕಲ್ಪಿಸಿಕೊಳ್ಳೋಣ.

ಬ್ಲಿಟ್ಜ್ ಆಟದಲ್ಲಿ ಒಬ್ಬೊಬ್ಬರಿಗೂ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಕಾಲಾವಕಾಶ. ನಡೆಗಳನ್ನು ಬರೆದಿಡಬೇಕೆಂಬ ಕಡ್ಡಾಯವೂ ಇಲ್ಲ. ಆಟಗಾರನ ನೆನಪು, ಮಾತುಗಳೇ ದಾಖಲೆ.

ಬಿಳಿ ರಾಜ ಡಿ-6ರಲ್ಲಿ, ಬಿಳಿ ಕಾಲಾಳು ಇ-6ರಲ್ಲಿ. ಕಪ್ಪು ರಾಜ ಡಿ-8ರಲ್ಲಿ ಒಂಟಿಯಾಗಿದ್ದಾನೆ. ನೋಡಿದವರು ಬಿಳಿಯದೇ ಗೆಲುವೆನ್ನುವರು. ಆದರೆ ಸರದಿ ಯಾರದು? ಕಪ್ಪಿನದಾದರೆ, ರಾಜ ಇ-8ಕ್ಕೆ ಸರಿದೊಡನೆ ಕಾಲಾಳು ಇ-7ಕ್ಕೆ ಏರುತ್ತಾನೆ. ಕಪ್ಪು ರಾಜನಿಗೆ ಎಫ್-7 ಒಂದೇ ಮನೆ. ಬಿಳಿ ರಾಜ ಡಿ-7ಕ್ಕೆ ಬಂದರೆ ಮುಂದಿನ ನಡೆಯಲ್ಲಿ ಕಾಲಾಳು ಮಂತ್ರಿಯಾಗುವುದನ್ನು ತಡೆಯುವವರಿಲ್ಲ. ಸಿ-8ಕ್ಕೆ ಸರಿದರೂ ಗತಿ ಅದೇ. ಸರದಿ ಬಿಳಿಯದಾದರೆ, ಕಾಲಾಳು ಇ-7ಕ್ಕೆ ಬಂದು ಶಹ ಕೊಡುತ್ತಾನೆ. ಕಪ್ಪು ರಾಜ ಇ-8ಕ್ಕೆ ಬಂದು ನಿಲ್ಲುತ್ತಾನೆ. ಈಗ ಕಾಲಾಳನ್ನು ಉಳಿಸಿಕೊಳ್ಳಲು ಬಿಳಿ ರಾಜನಿಗೆ ಇ-6ರ ಹೊರತು ಬೇರೆ ಮನೆಯಿಲ್ಲ. ಅಲ್ಲಿಗೆ ಬಂದರೆ ಕಪ್ಪು ರಾಜನಿಗೆ ಶಹವೂ ಇಲ್ಲ, ಕಾಲಿಡಲು ಮನೆಯೂ ಇಲ್ಲ. ಆಟ ಸಮ.

ಗಡಿಯಾರದ ನಿಯಮವೂ ಹೀಗೆಯೇ ಸೂಕ್ಷ್ಮ. ಇದೇ ಸ್ಥಿತಿಯಲ್ಲಿ ಕಪ್ಪಿನ ಸಮಯ ಮುಗಿದರೆ ಕಪ್ಪಿಗೆ ಸೋಲು. ಬಿಳಿಯ ಸಮಯ ಮುಗಿದರೆ ಬಿಳಿಗೆ ಸೋಲಲ್ಲ, ಡ್ರಾ. ಏಕೆಂದರೆ ಒಂಟಿ ರಾಜನಿಂದ ಎದುರಾಳಿಗೆ ಮಾತು ಕಟ್ಟಲು ಎಂದಿಗೂ ಆಗದು. ತೀರ್ಪುಗಾರರ ಮುಂದೆ ಇದನ್ನು ತಡವರಿಸದೆ ಹೇಳಬಲ್ಲವನಿಗೆ ಅರ್ಧ ಅಂಕದ ಹಕ್ಕು ಸುಲಭವಾಗಿ ಕೈತಪ್ಪದು. (ಉದಕಮಂಡಲದ ಕ್ಲಬ್ಬಿನಲ್ಲಿ 1880ರ ದಶಕದಲ್ಲಿ ನಿಯಮಗಳು ಬರಹಕ್ಕಿಳಿದ ಸ್ನೂಕರ್ ಇಂದು ಸಮಫಲವನ್ನೇ ಒಪ್ಪದು, ಅಂಕಗಳು ಸಮವಾದರೆ ಕಪ್ಪು ಚೆಂಡನ್ನು ಮತ್ತೆ ಇಟ್ಟು ತೀರ್ಮಾನಿಸುತ್ತಾರೆ.)

ಅಧ್ಯಾಪಕರು ಈ ಸ್ಥಿತಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಇಬ್ಬರು ವಿದ್ಯಾರ್ಥಿಗಳಿಂದ ನಡೆಗಳನ್ನು ಆಡಿಸಲಿ. ಅನಂತರ ಚಿತ್ರವನ್ನು ಅಳಿಸಿ, ಉಳಿದವರು ಐದು ವಾಕ್ಯಗಳ ವರದಿ ಬರೆಯಲಿ. ‘ಆದರೆ’, ‘ಸರಿದರೆ’, ‘ಮುಗಿದರೆ’ ಎಂಬ ರೂಪಗಳು ತಾವಾಗಿಯೇ ಬೇಕಾಗುತ್ತವೆ. ಮೊದಲೇ ಹೇಳಿಕೊಡುವ ಅಗತ್ಯವಿಲ್ಲ. ಒಬ್ಬನ ವರದಿಯನ್ನು ಮತ್ತೊಬ್ಬನು ಓದಿ, ಅದರಂತೆಯೇ ಕಾಯಿಗಳನ್ನು ಮಣೆಯ ಮೇಲೆ ಇಡಲಿ. ಸರದಿಯನ್ನು ಬರೆಯಲು ಮರೆತಿದ್ದರೆ, ಅಲ್ಲಿಯೇ ಕೈ ನಿಲ್ಲುತ್ತದೆ.