ಸೇತುವೆಯ ಮೇಲಿನ ಲಾರಿ

ಸಾಹಸದ ಚಲಚ್ಚಿತ್ರವೆಂದೊಡನೆ ನಮ್ಮ ಕಣ್ಣಮುಂದೆ ವೇಗವೇ ಬಂದು ನಿಲ್ಲುತ್ತದೆ. ಕಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗಬೇಕು; ಗುಂಡಿನ ಸದ್ದು ಕೇಳಬೇಕು; ನಾಯಕನು ಹತ್ತು ಮಂದಿಯನ್ನು ಹೊಡೆದುರುಳಿಸಿ, ಮೈಯ ಧೂಳನ್ನು ಕೊಡವಿಕೊಂಡು ನಗಬೇಕು. ಇಂಥ ಚಿತ್ರಗಳನ್ನು ನೋಡಿ ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮನುಷ್ಯನ ನಡಿಗೆಗಿಂತಲೂ ನಿಧಾನವಾಗಿ ತೆವಳುವ ಒಂದು ಲಾರಿಯನ್ನು ತೋರಿಸಿ, ನೋಡುವವರು ಉಸಿರು ಬಿಗಿಹಿಡಿದು ಕುಳಿತಿರುವಂತೆ ಮಾಡಿದ ಚಿತ್ರವೂ ಒಂದುಂಟು. ಅದರ ಹೆಸರು ‘ಸಾರ್ಸರರ್’. ಅಮೆರಿಕದ ನಿರ್ದೇಶಕ ವಿಲಿಯಂ ಫ್ರೀಡ್‌ಕಿನ್ ನಿರ್ಮಿಸಿದ ಈ ಚಿತ್ರವು 1977ರಲ್ಲಿ ತೆರೆಕಂಡಾಗ ಜನರೂ ವಿಮರ್ಶಕರಲ್ಲಿ ಬಹುಮಂದಿಯೂ ಅದನ್ನು ಕಡೆಗಣಿಸಿದರು.

ಕಥೆಯ ಮೂಲ ಫ್ರೆಂಚ್ ಲೇಖಕ ಜಾರ್ಜ್ ಆರ್ನೋ 1950ರಲ್ಲಿ ಪ್ರಕಟಿಸಿದ ಒಂದು ಕಾದಂಬರಿ. ಅದರ ಹೆಸರನ್ನು ಕನ್ನಡಿಸಿದರೆ ‘ಭಯದ ಕೂಲಿ’ ಎಂದಾಗುತ್ತದೆ. ಅದನ್ನು ಆಧರಿಸಿ ಆನ್ರಿ ಜಾರ್ಜ್ ಕ್ಲೂಜೋ ಎಂಬ ಫ್ರೆಂಚ್ ನಿರ್ದೇಶಕನು 1953ರಲ್ಲಿ ತೆಗೆದ ಚಿತ್ರವು ಕಾನ್ ಮತ್ತು ಬರ್ಲಿನ್ ಉತ್ಸವಗಳೆರಡರಲ್ಲಿಯೂ ಅತ್ಯುನ್ನತ ಬಹುಮಾನವನ್ನು ಪಡೆದಿತ್ತು. ಅಂಥ ಕೃತಿಯನ್ನು ಮತ್ತೆ ಮುಟ್ಟಲು ಎದೆಗಾರಿಕೆ ಬೇಕು. ಫ್ರೀಡ್‌ಕಿನ್‌ಗೆ ಅದಕ್ಕೆ ಕೊರತೆಯಿರಲಿಲ್ಲ. 1971ರ ‘ಫ್ರೆಂಚ್ ಕನೆಕ್ಷನ್’ ಅವನಿಗೆ ಆಸ್ಕರ್ ಪ್ರಶಸ್ತಿಯನ್ನು ತಂದಿತ್ತು. 1973ರ ‘ಎಕ್ಸಾರ್ಸಿಸ್ಟ್’ ಅಪಾರ ಹಣವನ್ನು ಗಳಿಸಿಕೊಟ್ಟಿತ್ತು.

ನಾಲ್ವರು ಮನುಷ್ಯರು, ನಾಲ್ಕು ನಾಡುಗಳವರು. ಒಬ್ಬ ಹಣಕ್ಕಾಗಿ ಕೊಲ್ಲುವವನು. ಒಬ್ಬ ಜೆರುಸಲೇಮಿನಲ್ಲಿ ಬಾಂಬಿಟ್ಟು ತಪ್ಪಿಸಿಕೊಂಡವನು. ಮೂರನೆಯವನು ಪ್ಯಾರಿಸಿನ ಲೇವಾದೇವಿಗಾರ. ವಂಚನೆ ಬಯಲಾದಾಗ ಹೆಂಡತಿಗೂ ಹೇಳದೆ ಓಡಿಹೋದವನು. ನಾಲ್ಕನೆಯವನು ನ್ಯೂಜೆರ್ಸಿಯ ದರೋಡೆಗಾರರ ಗುಂಪಿನ ಕಾರು ಚಾಲಕ. ಇವರೆಲ್ಲ ತಲೆಮರೆಸಿಕೊಂಡು ದಕ್ಷಿಣ ಅಮೆರಿಕದ ಒಂದು ಕೊಳಕು ಹಳ್ಳಿಯನ್ನು ಸೇರುತ್ತಾರೆ. ಆ ಹಳ್ಳಿಯ ಹೆಸರು ಪೊರ್ವೆನೀರ್. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ‘ಭವಿಷ್ಯ’ ಎಂದು ಅರ್ಥ! ಬಂದವರು ಮರಳಿ ಹೋಗಲು ಹಣವಿಲ್ಲದೆ ಅಲ್ಲಿಯೇ ಕೊಳೆಯಬೇಕು.

ಹೀಗಿರುವಾಗ ಇನ್ನೂರು ಮೈಲಿಗೂ ಹೆಚ್ಚು ದೂರದಲ್ಲಿರುವ ಅಮೆರಿಕನ್ ಕಂಪನಿಯೊಂದರ ಎಣ್ಣೆಬಾವಿಯು ಸಿಡಿದು ಹೊತ್ತಿಕೊಳ್ಳುತ್ತದೆ. ಸತ್ತ ಕೂಲಿಗಳ ಹೆಣಗಳು ಲಾರಿಯಲ್ಲಿ ಹಳ್ಳಿಗೆ ಬರುತ್ತವೆ, ಜನ ರೊಚ್ಚಿಗೇಳುತ್ತಾರೆ. ಕಂಪನಿಗೆ ಚಿಂತೆ ಬೆಂಕಿಯದು. ಅಂಥ ಬೆಂಕಿಯನ್ನು ನೀರಿನಿಂದ ಆರಿಸಲಾಗದು. ಪಕ್ಕದಲ್ಲಿ ದೊಡ್ಡದೊಂದು ಸ್ಫೋಟವನ್ನುಂಟುಮಾಡಿದರೆ, ಅದರ ಹೊಡೆತಕ್ಕೆ ಜ್ವಾಲೆಯು ಎಣ್ಣೆಯಿಂದ ಒಂದು ಕ್ಷಣ ಬೇರ್ಪಟ್ಟು ನಂದಿಹೋಗುತ್ತದೆ. ಅದಕ್ಕೆ ಡೈನಮೈಟ್ ಬೇಕು.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರವನ್ನು ನೆನೆಯಬೇಕಾಗುತ್ತದೆ. 1847ರಲ್ಲಿ ಇಟಲಿಯ ಸೊಬ್ರೆರೊ ಕಂಡುಹಿಡಿದ ನೈಟ್ರೋಗ್ಲಿಸರಿನ್ ಎಂಬ ದ್ರವವು ಸಣ್ಣ ಅಲುಗಾಟಕ್ಕೂ ಸಿಡಿಯುವಂಥದು. ಆಲ್ಫ್ರೆಡ್ ನೊಬೆಲ್ ಅದನ್ನು ಒಂದು ಬಗೆಯ ಹಗುರವಾದ ಮಣ್ಣಿನಲ್ಲಿ ಹೀರಿಸಿ ಪಳಗಿಸಿದನು. 1867ರಲ್ಲಿ ಡೈನಮೈಟ್ ಎಂಬ ಹೆಸರಿನಿಂದ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಆದರೆ ವರ್ಷಗಟ್ಟಲೆ ಉಷ್ಣದಲ್ಲಿ ಬಿದ್ದಿದ್ದ ಡೈನಮೈಟ್ ಬೆವರುತ್ತದೆ. ಪಳಗಿದ ಮೃಗವು ಮತ್ತೆ ಕಾಡುಮೃಗವಾಗುತ್ತದೆ. ಚಿತ್ರದಲ್ಲಿ ಕಂಪನಿಯ ಉಗ್ರಾಣದಲ್ಲಿ ಉಳಿದಿರುವುದು ಅಂಥ ಪೆಟ್ಟಿಗೆಗಳೇ. ಹೆಲಿಕಾಪ್ಟರ್‌ನ ನಡುಕವನ್ನು ಅವು ತಾಳಲಾರವು. ಲಾರಿಗಳಲ್ಲಿ, ಕಾಡಿನ ದಾರಿಯಲ್ಲಿ, ಯಾರಾದರೂ ಒಯ್ಯಬೇಕು. ಪ್ರಾಣಕ್ಕೆ ಬೆಲೆಯಿಲ್ಲದ ನಾಲ್ವರು ಕೂಲಿಗೆ ಒಪ್ಪಿಕೊಳ್ಳುತ್ತಾರೆ.

ಒಪ್ಪಿಕೊಂಡವರಿಗೆ ಲಾರಿಗಳೂ ಸಿದ್ಧವಾಗಿ ಸಿಕ್ಕುವುದಿಲ್ಲ. ಕೆಟ್ಟು ಬಿದ್ದ ಹಳೆಯ ಗಾಡಿಗಳಿಂದ ಭಾಗಗಳನ್ನು ಬಿಚ್ಚಿ ತಂದು, ಮೈಕೈ ಮಸಿಮಾಡಿಕೊಂಡು, ತಾವೇ ಎರಡು ಲಾರಿಗಳನ್ನು ಅಣಿಗೊಳಿಸುತ್ತಾರೆ. ಬೇರೊಂದು ಸಾಹಸಚಿತ್ರದಲ್ಲಿ ನಾಯಕನ ಕೈಗೆ ಆಯುಧವು ಎಲ್ಲಿಂದಲೋ ಬಂದುಬಿಡುತ್ತದೆ. ಇಲ್ಲಿ ಒಂದು ಬೋಲ್ಟಿಗೂ ದುಡಿಯಬೇಕು. ಈ ಚಿತ್ರದ ಆಕರ್ಷಣೆಯ ಗುಟ್ಟು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಅದು ಶೌರ್ಯದ ಕಥೆಯಲ್ಲ, ಕೆಲಸದ ಕಥೆ. ಕೆಸರು, ಹಗ್ಗ, ಹಲಗೆ, ಗೇರು, ಚಕ್ರ ಇವೇ ಇಲ್ಲಿನ ಶತ್ರುಗಳು. ಇವೇ ಮಿತ್ರರು ಕೂಡ. ದಾರಿಗೆ ಅಡ್ಡಬಿದ್ದ ಒಂದು ಮಹಾವೃಕ್ಷವನ್ನು ಸರಿಸುವ ಉಪಾಯವನ್ನು ಅವರು ಹೂಡುವಾಗ, ಕಡ್ಡಿಗಳನ್ನೂ ಕಲ್ಲುಗಳನ್ನೂ ಜೋಡಿಸುವ ಆ ಬೆರಳುಗಳನ್ನೇ ನಾವು ನೋಡುತ್ತಿರುತ್ತೇವೆ. ಬಾಂಬು ಕಟ್ಟಲು ಕಲಿತ ಕೈ ಈಗ ದಾರಿ ಬಿಡಿಸುತ್ತದೆ. ಅವನ ಪಾಪವನ್ನು ಚಿತ್ರವು ಮರೆಸುವುದಿಲ್ಲ. ನಮಗೂ ಮರೆಯಲು ಬಿಡುವುದಿಲ್ಲ.

ಸೇತುವೆಯ ದೃಶ್ಯವನ್ನು ಮಾತಿನಲ್ಲಿ ಹೇಳುವುದು ಕಷ್ಟ. ಬಿರುಮಳೆ. ಕೆಳಗೆ ಕೆಂಪಗೆ ಉಕ್ಕುವ ಹೊಳೆ. ಹಗ್ಗಗಳಿಂದ ತೂಗುಬಿದ್ದ, ಹಲಗೆಗಳು ಕೊಳೆತ ಒಂದು ಸೇತುವೆ. ಒಬ್ಬನು ಮುಂದೆ ನಿಂತು ಕೈಸನ್ನೆ ಮಾಡುತ್ತಾನೆ. ಇನ್ನೊಬ್ಬನು ಲಾರಿಯನ್ನು ಅಂಗುಲ ಅಂಗುಲವಾಗಿ ನಡೆಸುತ್ತಾನೆ. ಹಲಗೆ ಮುರಿಯುತ್ತದೆ, ಲಾರಿ ಒಂದು ಪಕ್ಕಕ್ಕೆ ವಾಲುತ್ತದೆ, ಬೀಳುವುದೇ ಸರಿ ಎಂಬಷ್ಟು ವಾಲುತ್ತದೆ. ಮಾತಿಲ್ಲ. ಮಳೆಯ ಮೊರೆತ, ಯಂತ್ರದ ನರಳಾಟ, ಹಗ್ಗಗಳ ಕಿರುಗುಟ್ಟುವಿಕೆ ಇಷ್ಟೇ. ಒಂದು ಲಾರಿ ದಾಟಿದರೆ ಸಾಲದು. ಅದೇ ಸೇತುವೆಯನ್ನು ಎರಡನೆಯದೂ ದಾಟಬೇಕು.

ಇದು ಗಣಕಯಂತ್ರದ ಚಮತ್ಕಾರವಲ್ಲ. ನಿಜವಾದ ಲಾರಿ, ನಿಜವಾದ ಹೊಳೆ. ಡೊಮಿನಿಕನ್ ಗಣರಾಜ್ಯದಲ್ಲಿ ಸೇತುವೆಯನ್ನು ಕಟ್ಟಿ ಮುಗಿಸುವಷ್ಟರಲ್ಲಿ ಹೊಳೆಯೇ ಬತ್ತಿಹೋಯಿತು. ಆಗ ಅದನ್ನು ಬಿಚ್ಚಿ, ಮೆಕ್ಸಿಕೋ ದೇಶದ ಪಾಪಲೊವಾಪನ್ ನದಿಯ ಮೇಲೆ ಮತ್ತೆ ಕಟ್ಟಿಸಿದರು. ಸೇತುವೆಯು ಬೇಕಾದಷ್ಟೇ ತೂಗಾಡುವಂತೆ ಯಂತ್ರಗಳನ್ನು ಮರೆಯಲ್ಲಿ ಅಳವಡಿಸಿದ್ದರು. ಆದರೂ ಲಾರಿಗಳು ಒಂದಕ್ಕಿಂತ ಹೆಚ್ಚು ಸಲ ನೀರಿಗೆ ಬಿದ್ದವು. ಚಿತ್ರತಂಡದ ಅನೇಕರು ಕಾಯಿಲೆ ಬಿದ್ದರು. ನಿರ್ದೇಶಕನಿಗೇ ಮಲೇರಿಯ ತಗಲಿತು. ಈ ಹಟವನ್ನು ನಾನು ಬಾಯ್ತುಂಬ ಹೊಗಳಲಾರೆ. ಭಯದ ಕೂಲಿಯನ್ನು ಕುರಿತ ಚಿತ್ರವು ತನ್ನ ಕೆಲಸಗಾರರಿಗೂ ಅದೇ ಕೂಲಿಯನ್ನು ಕೊಟ್ಟಿತೆನ್ನಬೇಕು. ಆದರೆ ತೆರೆಯ ಮೇಲೆ ಕಾಣುವ ಭಾರವು ಸುಳ್ಳಲ್ಲವೆಂದು ನಮ್ಮ ಕಣ್ಣಿಗೆ ಹೇಗೋ ತಿಳಿದುಬಿಡುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಸೇತುವೆಯನ್ನು ದಾಟಿದ ಎರಡು ಲಾರಿಗಳಲ್ಲಿ ಒಂದು ಗುರಿಯನ್ನು ಮುಟ್ಟುವುದಿಲ್ಲ. ಪ್ಯಾರಿಸಿನವನು ಹೆಂಡತಿ ಕೊಟ್ಟ ಗಡಿಯಾರವನ್ನು ನೋಡಿಕೊಂಡು, ತನ್ನ ಊರಿನಲ್ಲಿ ಈಗ ಎಷ್ಟು ಹೊತ್ತಾಗಿರಬಹುದೆಂದು ಗೆಳೆಯನಿಗೆ ಹೇಳುತ್ತಿರುತ್ತಾನೆ. ಮಾರ್ಗ ಸುಗಮವಾಗಿದೆ. ಆಗ ಒಂದು ಟಯರು ಒಡೆಯುತ್ತದೆ, ಅಷ್ಟೆ. ಕೊಳೆತ ಹಗ್ಗವು ಉಳಿಸಿದವರನ್ನು ಒಳ್ಳೆಯ ರಸ್ತೆ ಕೊಂದುಬಿಡುತ್ತದೆ. ಇಲ್ಲಿ ಸಂಗೀತದ ಮುನ್ಸೂಚನೆಯೂ ಇಲ್ಲ. ಉಳಿದ ಲಾರಿಯ ಗತಿಯನ್ನು ನಾನು ಹೇಳಹೊರಟರೆ ಚಿತ್ರವನ್ನು ನೋಡುವವರ ಕುತೂಹಲವನ್ನು ಕೆಡಿಸಿದಂತಾಗುತ್ತದೆ.

ಹಾಗಾದರೆ ಜನ ಅದನ್ನು ಏಕೆ ಒಪ್ಪಲಿಲ್ಲ? ಚಿತ್ರವು ಬಿಡುಗಡೆಯಾದದ್ದು 1977ರ ಜೂನ್ 24ರಂದು. ಅದಕ್ಕೆ ಒಂದು ತಿಂಗಳ ಹಿಂದೆ ‘ಸ್ಟಾರ್ ವಾರ್ಸ್’ ಬಂದು, ಅಮೆರಿಕದ ಮಕ್ಕಳೂ ದೊಡ್ಡವರೂ ನಕ್ಷತ್ರಲೋಕದಲ್ಲಿ ವಿಹರಿಸುತ್ತಿದ್ದರು. ಆ ಸಂಭ್ರಮದ ನಡುವೆ ಕೆಸರಿನಲ್ಲಿ ಹೂತ ಲಾರಿ ಯಾರಿಗೆ ಬೇಕು? ಹೆಸರೂ ಚಿತ್ರಕ್ಕೆ ದ್ರೋಹಮಾಡಿತು. ‘ಸಾರ್ಸರರ್’ ಎಂದರೆ ಮಾಂತ್ರಿಕ. ಅದು ವಾಸ್ತವವಾಗಿ ಒಂದು ಲಾರಿಯ ಹೆಸರು. ದೆವ್ವದ ಚಿತ್ರವನ್ನು ತೆಗೆದು ಹೆಸರು ಗಳಿಸಿದವನು ಮತ್ತೊಂದು ದೆವ್ವದ ಚಿತ್ರವನ್ನು ತಂದಿದ್ದಾನೆಂದು ಬಂದವರು ನಿರಾಶರಾದರು. ಖ್ಯಾತ ನಟ ಸ್ಟೀವ್ ಮೆಕ್ವೀನ್ ಮುಖ್ಯ ಪಾತ್ರವನ್ನು ವಹಿಸಬೇಕಾಗಿತ್ತು. ಅದು ಕೈಗೂಡದೆ ರಾಯ್ ಶೈಡರ್ ಬಂದನು. ಅದರಿಂದ ಹಣದ ನಷ್ಟವಾಗಿರಬಹುದು. ಚಿತ್ರಕ್ಕೆ ಲಾಭವೇ ಆಯಿತೆಂದು ನನ್ನ ಅಭಿಪ್ರಾಯ. ಶೈಡರನ ಒಣಗಿದ, ದಣಿದ ಮುಖದಲ್ಲಿ ತಾರೆಯ ಹೊಳಪಿಲ್ಲ. ಸುಮಾರು 2 ಕೋಟಿ 20 ಲಕ್ಷ ಡಾಲರ್ ವೆಚ್ಚದ ಚಿತ್ರವು ಅದರ ಅರ್ಧವನ್ನೂ ಗಳಿಸಲಿಲ್ಲ. ಹೊರದೇಶಗಳ ವಿತರಕರು ಮೊದಲಿನ ನಾಲ್ಕು ಕಥೆಗಳನ್ನು ಕತ್ತರಿಸಿ, ಎರಡು ಗಂಟೆಯ ಚಿತ್ರವನ್ನು ಒಂದೂವರೆ ಗಂಟೆಗೆ ಇಳಿಸಿ ಪ್ರದರ್ಶಿಸಿದರು. ಆಸ್ಕರ್ ಪ್ರಶಸ್ತಿಗೆ ಅದರ ಧ್ವನಿಗ್ರಹಣವೊಂದೇ ಆಯ್ಕೆಯ ಪಟ್ಟಿಯನ್ನು ಸೇರಿತು; ಗೆದ್ದದ್ದು ಮತ್ತೆ ‘ಸ್ಟಾರ್ ವಾರ್ಸ್’.

ತನ್ನ ಚಿತ್ರಗಳಲ್ಲೆಲ್ಲ ಇದೇ ತನಗೆ ಹೆಚ್ಚು ಪ್ರಿಯವಾದುದೆಂದು ಫ್ರೀಡ್‌ಕಿನ್ ಮುಪ್ಪಿನಲ್ಲಿಯೂ ಹೇಳುತ್ತಿದ್ದನು. ಚಿತ್ರದ ಹಕ್ಕು ಯಾರದೆಂಬುದೇ ಅಸ್ಪಷ್ಟವಾಗಿದ್ದುದರಿಂದ, 2012ರಲ್ಲಿ ಎಪ್ಪತ್ತಾರರ ವಯಸ್ಸಿನಲ್ಲಿ ಎರಡು ದೊಡ್ಡ ನಿರ್ಮಾಣ ಸಂಸ್ಥೆಗಳ ಮೇಲೆ ದಾವೆ ಹೂಡಿದನು. ಮರುವರ್ಷ ವೆನಿಸ್ ಚಿತ್ರೋತ್ಸವವು ಅವನ ಜೀವಮಾನದ ಸಾಧನೆಗಾಗಿ ಸ್ವರ್ಣಸಿಂಹ ಪ್ರಶಸ್ತಿಯನ್ನಿತ್ತು ಗೌರವಿಸಿತು. ಆ ಉತ್ಸವದಲ್ಲಿ, ತೆರೆಕಂಡ ಮೂವತ್ತಾರು ವರ್ಷಗಳ ಬಳಿಕ, ಬಣ್ಣವನ್ನೂ ಧ್ವನಿಯನ್ನೂ ಸರಿಪಡಿಸಿದ ಹೊಸ ಪ್ರತಿಯಲ್ಲಿ ಆ ಎರಡು ಲಾರಿಗಳು ಮತ್ತೊಮ್ಮೆ ಸೇತುವೆಯನ್ನು ದಾಟಿದವು. ಫ್ರೀಡ್‌ಕಿನ್ ತೀರಿಕೊಂಡದ್ದು ಅದಾದ ಹತ್ತು ವರ್ಷಗಳ ಮೇಲೆ, 2023ರ ಆಗಸ್ಟ್ ತಿಂಗಳಲ್ಲಿ.