ಮುಖದ ನರಕ್ಕೂ ಒಂದು ಗಡುವಿದೆ

ಬಾಯಿ ಸೊಟ್ಟಗಾದ ಕೂಡಲೇ ಸುತ್ತಲಿನವರು ಹೇಳುವುದು ‘ಗಾಳಿ ಬಡಿದಿದೆ, ತಾನಾಗಿ ಸರಿಹೋಗುತ್ತೆ’ ಅಂತ. ಸ್ಪಷ್ಟ ಕಾರಣವಿಲ್ಲದೆ ಮುಖದ ಒಂದು ಬದಿ ನಿಂತುಹೋಗುವ ಬೆಲ್ಸ್ ಪಾಲ್ಸಿಯ ಮಟ್ಟಿಗೆ ಇದು ಬಹುಪಾಲು ನಿಜವೇ. ಡೆನ್ಮಾರ್ಕಿನ ಪೀಟರ್ಸನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 71ರಷ್ಟು ಜನ ಚಿಕಿತ್ಸೆಯಿಲ್ಲದೆಯೇ ಪೂರ್ತಿ ಗುಣವಾಗಿದ್ದರು. ಆದರೆ ಗಡ್ಡೆಯ ಆಪರೇಷನ್ನಿನಲ್ಲೋ ಅಪಘಾತದಲ್ಲೋ ಮುಖವನ್ನು ಆಡಿಸುವ ಏಳನೆಯ ನರವೇ ತುಂಡಾದವರಿಗೂ ಅದೇ ಸಮಾಧಾನ ಹೇಳುವುದು ಅಪಾಯ. ಮುಖದ ಒಂದು ಬದಿ ಶಾಶ್ವತವಾಗಿ ನಿಂತುಹೋದವನಾಗಿ ನಾನು ಕಲಿತದ್ದು ಇಷ್ಟು: ಯಾವ ಶಸ್ತ್ರಚಿಕಿತ್ಸೆ ಒಳ್ಳೆಯದು ಎಂದು ಕೇಳುವ ಮೊದಲು, ನರ ಕೆಲಸ ನಿಲ್ಲಿಸಿ ಎಷ್ಟು ತಿಂಗಳಾಯಿತು ಎಂದು ಕೇಳಬೇಕು.

ನರದ ಸಂಪರ್ಕ ತಪ್ಪಿದ ಸ್ನಾಯು ಸುಮಾರು 12ರಿಂದ 18 ತಿಂಗಳಲ್ಲಿ ಮತ್ತೆ ಚೇತರಿಸದಷ್ಟು ಸೊರಗುತ್ತದೆ. ಹೊಸದಾಗಿ ಜೋಡಿಸಿದ ನರವೋ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಹಾಗಾಗಿ ಗಡುವಿನ ಕೊನೆಗೆ ಹೋದರೆ ನರ ತಲುಪುವಷ್ಟರಲ್ಲಿ ಸ್ನಾಯುವೇ ಮುಗಿದಿರುತ್ತದೆ. ಬೇಗ ಹೋದರೆ ತುಂಡಾದ ತುದಿಗಳನ್ನು ಹೊಲಿಯಬಹುದು, ನಡುವೆ ಅಂತರವಿದ್ದರೆ ಮೀನಖಂಡದ ನರವನ್ನು ಕಸಿ ಮಾಡಬಹುದು, ಇಲ್ಲವೇ ಅಗಿಯುವ ಸ್ನಾಯುವಿನ ನರದ ಒಂದು ಕವಲನ್ನು ತಿರುಗಿಸಿ ಜೋಡಿಸಬಹುದು. ಗಡುವು ಮೀರಿದ ಮೇಲೆ ಬೇರೆ ಸ್ನಾಯುವನ್ನೇ ತರಬೇಕು: ಕಣತಲೆಯ ಸ್ನಾಯುವನ್ನು ಬಾಯಿಯ ಮೂಲೆಗೆ ಎಳೆದು ಕಟ್ಟುವುದು ಒಂದು ದಾರಿ, 1976ರಲ್ಲಿ ಜಪಾನಿನ ಹಾರಿಯಿ ತಂಡ ವರದಿ ಮಾಡಿದಂತೆ, ಒಳತೊಡೆಯ ಗ್ರ್ಯಾಸಿಲಿಸ್ ಸ್ನಾಯುವನ್ನು ರಕ್ತನಾಳ, ನರಗಳ ಸಮೇತ ಕೆನ್ನೆಗೆ ತರುವುದು ಇನ್ನೊಂದು. ಇದಕ್ಕೆ ಮುಖದ ಸರಿಯಿರುವ ಬದಿಯ ನರದಿಂದ ಚಾಲನೆ ಕೊಟ್ಟರೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ಅಂತರದ ಎರಡು ಆಪರೇಷನ್ ಬೇಕು, ಆದರೆ ನಗು ಸಹಜವಾಗಿ ಬರುತ್ತದೆ. ಅಗಿಯುವ ನರಕ್ಕೆ ಜೋಡಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ, ಎಳೆತವೂ ಜೋರು. ಮೊದಮೊದಲು ಮಾತ್ರ ಹಲ್ಲು ಕಚ್ಚಿ ನಗಬೇಕು.

ನರ ಉಳಿದಿದ್ದರೆ ಆತುರವೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಉಳಿದಿದ್ದರೆ ಕಾಯಬೇಕು, ಆದರೆ ಆರು ತಿಂಗಳಾದರೂ ಕೆನ್ನೆ ಒಂದಿಷ್ಟೂ ಮಿಸುಕದಿದ್ದರೆ ಕಾಯುವುದನ್ನು ಬಿಟ್ಟು ಪ್ಲಾಸ್ಟಿಕ್ ಸರ್ಜನ್‌ರನ್ನು ಕಾಣಬೇಕು. ಬೆಲ್ಸ್ ಪಾಲ್ಸಿ ಎಂದುಕೊಂಡಿದ್ದರೂ ಅಷ್ಟರಲ್ಲಿ ಚಲನೆ ಬಾರದಿದ್ದರೆ ಬೇರೆ ಕಾರಣ ಹುಡುಕಬೇಕು. ಇದೆಲ್ಲ ಅಂದಚೆಂದದ ಖಯಾಲಿ ಎನ್ನುವವರು, ಕುಡಿದ ಮಜ್ಜಿಗೆ ತುಟಿಯಂಚಿನಿಂದ ಅಂಗಿಯ ಮೇಲೆ ಸೋರುವುದನ್ನು, ಪ, ಬ, ಮ ಅಕ್ಷರಗಳು ಜಾರುವುದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಫಲ ಪರಿಪೂರ್ಣವಲ್ಲ ಎಂಬ ಮಾತನ್ನು ಮಾತ್ರ ನಾನು ಪೂರಾ ಒಪ್ಪುತ್ತೇನೆ. ಕಸಿ ಸ್ನಾಯು ಬಾಯಿಯ ಮೂಲೆಯನ್ನು ಒಂದೇ ದಿಕ್ಕಿಗೆ ಎಳೆಯುತ್ತದೆ. ಹುಬ್ಬು ಏರುವುದಿಲ್ಲ, ರೆಪ್ಪೆ ಮುಚ್ಚುವುದಿಲ್ಲ. ನಗುವಿಗಿಂತ ಮೊದಲು ನೋಡಬೇಕಾದ್ದೂ ಆ ರೆಪ್ಪೆಯನ್ನೇ. ಮುಚ್ಚದ ಕಣ್ಣು ಒಣಗಿ ಕಾರ್ನಿಯಾದಲ್ಲಿ ಹುಣ್ಣಾದರೆ ದೃಷ್ಟಿಯೇ ಹೋಗಬಹುದು. ರೆಪ್ಪೆ ಮುಚ್ಚಲೆಂದು ಅದರೊಳಗೆ ಸುಮಾರು ಒಂದು ಗ್ರಾಂ ಚಿನ್ನ ಅಥವಾ ಪ್ಲಾಟಿನಂ ತೂಕ ಕೂರಿಸುವುದು ಇವೆಲ್ಲಕ್ಕಿಂತ ಚಿಕ್ಕ ಆಪರೇಷನ್.

ಗಡ್ಡೆ ತೆಗೆಸಿಕೊಂಡು ಮನೆಗೆ ಹೊರಡುವ ಮುನ್ನ, ನರ ಉಳಿದಿದೆಯೇ ಅಥವಾ ಕತ್ತರಿಸಿಹೋಗಿದೆಯೇ ಎಂಬುದನ್ನು ಡಿಸ್ಚಾರ್ಜ್ ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ.