ಆರೋಗ್ಯ ಪ್ರಶ್ನೋತ್ತರ: ಹೂವಿನ ಪರಿಮಳ ಮಿದುಳಿನವರೆಗೆ

ಪ್ರಶ್ನೆ: ಅಮ್ಮ ತೀರಿಕೊಂಡು 7 ತಿಂಗಳಾಯಿತು. ಹೂವಿನ ಮಾರ್ಕೆಟ್ಟಿನಲ್ಲಿ ಸುಗಂಧರಾಜದ ವಾಸನೆ ಬಂದರೆ ಸಾಕು, ಎದೆ ಹೊಡೆದುಕೊಂಡು ಅಳು ಬರುತ್ತದೆ. ಅಮ್ಮನ ಫೋಟೊ ನೋಡಿದರೆ ಇಷ್ಟು ಆಗುವುದಿಲ್ಲ. ನನ್ನ ತಲೆ ಕೆಟ್ಟಿದೆಯೇ?
– ಗೃಹಿಣಿ, ದಾವಣಗೆರೆ

ಉತ್ತರ: ಖಂಡಿತ ಇಲ್ಲ ತಾಯೀ. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮೊದಲು ಥಲಾಮಸ್ ಎಂಬ ಕೇಂದ್ರಕ್ಕೆ ಹೋಗಿ ಆಮೇಲೆ ಮಿದುಳಿನ ಹೊರಪದರ ಸೇರುತ್ತದೆ. ವಾಸನೆ ಹಾಗೆ ಕಾಯುವುದಿಲ್ಲ. ಮೂಗಿನ ಮೇಲ್ಭಾಗದ ನರಕೋಶಗಳಿಂದ ಹೊರಟ ಸುದ್ದಿ ಘ್ರಾಣಗಡ್ಡೆಗೆ ಬಂದು, ಅಲ್ಲಿಂದ ನೇರವಾಗಿ ಭಯ, ಅಕ್ಕರೆಗಳ ಅಮಿಗ್ಡಲವನ್ನೂ ನೆನಪು ಕೂಡಿಡುವ ಹಿಪೊಕ್ಯಾಂಪಸ್‌ನ ನೆರೆಯನ್ನೂ ಮುಟ್ಟುತ್ತದೆ. ನಮ್ಮ ಮೂಗಿನಲ್ಲಿ ಸುಮಾರು 400 ಬಗೆಯ ಘ್ರಾಣ ಗ್ರಾಹಕಗಳಿವೆ. ಇವುಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಇದು ಯಾವ ಹೂವು ಎಂದು ನೀವು ಯೋಚಿಸುವ ಮೊದಲೇ ಎದೆ ಹೊಡೆದುಕೊಳ್ಳುವುದು ಈ ದಾರಿಯಿಂದ. ಅಳು ಬಂದರೆ ಅಳಿ, ತಡೆಯಬೇಡಿ. ಆದರೆ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಎದೆಬಡಿತ ಎಂದಿದ್ದೀರಿ, ಥೈರಾಯ್ಡ್, ಹಿಮೊಗ್ಲೋಬಿನ್, ಒಂದು ಇಸಿಜಿ ಈ ವಾರವೇ ಮಾಡಿಸಿ. ದುಃಖದ ಹಿಂದೆ ಥೈರಾಯ್ಡ್ ಅಡಗಿ ಕೂತದ್ದನ್ನು ಕಂಡಿದ್ದೇನೆ.

ಪ್ರಶ್ನೆ: ಬಾಣಂತನಕ್ಕೆ ತವರಿಗೆ ಬಂದಿದ್ದೇನೆ. ಮಲ್ಲಿಗೆ ಮುಡಿದರೆ ಎದೆಹಾಲು ಬತ್ತುತ್ತದೆ ಎಂದು ಅಜ್ಜಿ ಹೂವನ್ನು ಹತ್ತಿರಕ್ಕೂ ಬಿಡುತ್ತಿಲ್ಲ. ಮಲ್ಲಿಗೆ ಇದ್ದರೆ ನನಗೆ ಮನಸ್ಸು ಹಗುರವಾಗುತ್ತದೆ.
– ಉಡುಪಿ

ಉತ್ತರ: ಅಜ್ಜಿಯ ಮೇಲೆ ಸಿಟ್ಟಾಗಬೇಡಮ್ಮ, ಆ ಮಾತು ಪೂರ್ತಿ ಬುಡವಿಲ್ಲದ್ದಲ್ಲ. ಹೆರಿಗೆಯ ನಂತರ ಹಾಲು ನಿಲ್ಲಿಸಬೇಕಾಗಿದ್ದ ತಾಯಂದಿರ ಎದೆಗೆ ಮಲ್ಲಿಗೆ ಹೂ ಕಟ್ಟಿ, ಬ್ರೊಮೊಕ್ರಿಪ್ಟಿನ್ ಮಾತ್ರೆಯೊಂದಿಗೆ ಹೋಲಿಸಿ ನೋಡಿದ ವೆಲ್ಲೂರಿನ ಅಧ್ಯಯನವೊಂದು 1988ರಲ್ಲಿ ಪ್ರಕಟವಾಗಿದೆ. ಎರಡೂ ಗುಂಪಿನಲ್ಲಿ ಹಾಲೂಡಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಇಳಿಯಿತು. ಮಾತ್ರೆ ತೆಗೆದುಕೊಂಡವರಲ್ಲಿ ಹೆಚ್ಚು ಇಳಿಯಿತು. ಅಲ್ಲಿ ಹೂವನ್ನು ಎದೆಯ ಮೇಲೇ ಕಟ್ಟಿದ್ದರು. ಸಂಜೆ ಜಡೆಗೆ ಒಂದು ಗೇಣು ದಂಡೆ ಮುಡಿದರೆ ಹಾಲು ನಿಲ್ಲುತ್ತದೆ ಎನ್ನಲು ಅದು ಸಾಕ್ಷಿಯಲ್ಲ. ಮುಡಿದುಕೋ, ಮಗುವಿನ ತೂಕ ತಪ್ಪದೆ ನೋಡಿಸು. ತೂಕ ಏರುತ್ತಿದ್ದರೆ ಅಜ್ಜಿಯೂ ಒಪ್ಪುತ್ತಾರೆ.

ಪ್ರಶ್ನೆ: ಮಲಗುವ ಕೋಣೆಯಲ್ಲಿ ಲ್ಯಾವೆಂಡರ್ ಎಣ್ಣೆಯ ಡಿಫ್ಯೂಸರ್ ಇಟ್ಟಿದ್ದೇನೆ. ನಿದ್ದೆ ಬರುತ್ತಿದೆ, ಹಾಗಾಗಿ ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟೆ. ಎರಡು ವರ್ಷದ ಮಗನಿಗೆ ಆಗಾಗ ಉಬ್ಬಸ ಬರುತ್ತದೆ, ಅವನೂ ನಮ್ಮ ಜೊತೆಗೇ ಮಲಗುತ್ತಾನೆ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಡಿಫ್ಯೂಸರ್ ಇವತ್ತೇ ಆ ಕೋಣೆಯಿಂದ ಹೊರಗೆ ಹೋಗಲಿ. ಉಬ್ಬಸದ ಮಗುವಿನ ಶ್ವಾಸನಾಳವನ್ನು ಇಂಥ ಘಾಟು ಕೆರಳಿಸಬಹುದು. ಲ್ಯಾವೆಂಡರಿನಲ್ಲಿರುವ ಲಿನಲೂಲ್‌ನ ವಾಸನೆಯಿಂದ ಇಲಿಗಳ ಆತಂಕ ತಗ್ಗಿದ್ದನ್ನು ಜಪಾನಿನ ಸಂಶೋಧಕರು 2018ರಲ್ಲಿ ತೋರಿಸಿದರು. ವಾಸನೆ ಹಿಡಿಯುವ ಶಕ್ತಿ ಕಳೆದುಕೊಂಡ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಒಳ್ಳೆಯ ಕೆಲಸ, ಆದರೆ ಅದು ಇಲಿಗಳ ಮಾತು. ನಿದ್ದೆ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಕೆಲವರಿಗೆ ಆತಂಕ ಇಮ್ಮಡಿಯಾಗಿ ಮರಳುತ್ತದೆ, ಫಿಟ್ಸ್ ಬಂದದ್ದೂ ಉಂಟು. ಬರೆದುಕೊಟ್ಟ ವೈದ್ಯರ ಬಳಿ ಹೋಗಿ, ಹಂತಹಂತವಾಗಿ ಇಳಿಸಿ. ಗೊರಕೆ ಇದ್ದರೆ ನಿದ್ರಾ ಪರೀಕ್ಷೆ ಮಾಡಿಸಿ.

ಪ್ರಶ್ನೆ: 19 ವರ್ಷದ ಮಗಳಿಗೆ ಆಗಾಗ ಸಂಪಿಗೆ ವಾಸನೆ ಬರುತ್ತದಂತೆ. ಸುತ್ತಮುತ್ತ ಸಂಪಿಗೆ ಇರುವುದಿಲ್ಲ. ಒಂದು ನಿಮಿಷ ದಿಟ್ಟಿಸುತ್ತಾಳೆ, ತುಟಿ ಚಪ್ಪರಿಸುತ್ತಾಳೆ, ಕರೆದರೆ ಓಗೊಡುವುದಿಲ್ಲ. ಕಳೆದ ತಿಂಗಳು ಬಿದ್ದು ಕೈಕಾಲು ಬಡಿದಳು. ಈರುಳ್ಳಿ ಮೂಸಿಸಿ, ಕೈಗೆ ಬೀಗದಕೈ ಕೊಟ್ಟ ಮೇಲೆ ಸರಿಹೋಯಿತು. ದೇವಿ ಬರುತ್ತಾಳೆ ಎಂದು ಮನೆಯವರ ನಂಬಿಕೆ.
– ತಂದೆ, ಹಾವೇರಿ ಜಿಲ್ಲೆ

ಉತ್ತರ: ಈ ಪತ್ರ ಓದಿ ನನಗೆ ಸಂಕಟವಾಯಿತು. ಕಿವಿಯ ಒಳಬದಿಗಿರುವ, ಮಿದುಳಿನ ಟೆಂಪೊರಲ್ ಭಾಗದಲ್ಲಿ ವಿದ್ಯುತ್ತು ಅಡ್ಡಾದಿಡ್ಡಿ ಹರಿದಾಗ ಇಲ್ಲದ ವಾಸನೆ ಬರುತ್ತದೆ. ಹೆಚ್ಚಿನವರಿಗೆ ಸುಟ್ಟ, ಕೊಳೆತ ನಾತ, ಕೆಲವರಿಗೆ ಪರಿಮಳ. ತುಟಿ ಚಪ್ಪರಿಸುವುದು, ಓಗೊಡದಿರುವುದು ಅದೇ ಸರಣಿಯ ಮುಂದಿನ ಹೆಜ್ಜೆ. ಇದು ಮೂರ್ಛೆರೋಗದ ಲಕ್ಷಣ ಎಂದೇ ತಿಳಿದು ನಡೆಯಿರಿ.

ಈರುಳ್ಳಿಯ ವಿಷಯಕ್ಕೆ ಬರೋಣ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ನೀವು ಈರುಳ್ಳಿ ಹುಡುಕಿ ತರುವಷ್ಟರಲ್ಲಿ ಅದು ನಿಲ್ಲುವ ಹೊತ್ತೇ ಆಗಿರುತ್ತದೆ, ಹೆಸರು ಮಾತ್ರ ಈರುಳ್ಳಿಗೆ. ಓದಿದವರ ಮನೆಗಳಲ್ಲೂ ಬೀಗದಕೈ, ಚಪ್ಪಲಿ ಮೂಸಿಸುವುದು ನಿಂತಿಲ್ಲ. ಮೂಗಿಗೆ ಏನನ್ನೋ ಒತ್ತಿ ಹಿಡಿದರೆ ಉಸಿರಿಗೆ ಅಡ್ಡಿ, ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ. ದಯವಿಟ್ಟು ಬಿಡಿ! ಒಂದು ಮಗ್ಗುಲಿಗೆ ಹೊರಳಿಸಿ, ಕತ್ತಿನ ಬಳಿ ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ.

ಇನ್ನೊಂದು ಎಚ್ಚರಿಕೆ. ನೆಗಡಿಗೆಂದು ನೀಲಗಿರಿ ಎಣ್ಣೆ, ಕರ್ಪೂರದ ಮುಲಾಮು ಹಚ್ಚುವುದು, ಮೂಸುವುದು ನಮ್ಮಲ್ಲಿ ಮಾಮೂಲು. ಇವು ಕೆಲವರಲ್ಲಿ ಫಿಟ್ಸ್ ತರಬಲ್ಲವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರತಜ್ಞರು ಇಂಥ ರೋಗಿಗಳ ಬಗ್ಗೆ ವರದಿ ಮಾಡಿದ್ದಾರೆ. ನಿಮ್ಮ ಮನೆಯಿಂದ ಅವೆರಡೂ ಹೊರಗಿರಲಿ. ಎಳೆ ಮಕ್ಕಳಿರುವ ಮನೆಗೂ ಇದೇ ಮಾತು. ಕರ್ಪೂರದ ಬಿಲ್ಲೆ ನುಂಗಿ ಫಿಟ್ಸ್ ಬಂದ ಮಕ್ಕಳಿದ್ದಾರೆ.

ದೇವಿಗೆ ಕೈಮುಗಿಯಿರಿ, ಬೇಡ ಎನ್ನುವುದಿಲ್ಲ. ಆದರೆ ಈ ವಾರವೇ ನರತಜ್ಞರನ್ನು ಕಾಣಿ. ಈಇಜಿ ಮಾಡಿಸಿ, ಮಿದುಳಿನ ಎಂಆರ್‌ಐ ಮಾಡಿಸಿ. ಈಇಜಿ ಸರಿಯಾಗಿದೆ ಎಂದ ಮಾತ್ರಕ್ಕೆ ರೋಗವಿಲ್ಲ ಎಂದಲ್ಲ, ಮತ್ತೆ ಮಾಡಿಸಬೇಕಾಗಬಹುದು. ಲಾಡಿಹುಳುವಿನ ಮರಿ ಮಿದುಳಿನಲ್ಲಿ ಗಂಟು ಕಟ್ಟಿದ್ದರೂ ಹೀಗಾಗುತ್ತದೆ, ಅದಕ್ಕೆ ಮದ್ದಿದೆ. ಮಗಳು ಬಾವಿ, ಕೆರೆ, ಒಲೆಯ ಬಳಿ ಒಬ್ಬಳೇ ಇರದಿರಲಿ, ಗಾಡಿ ಓಡಿಸದಿರಲಿ. ಮದುವೆಗೆ ತೊಂದರೆಯೆಂದು ಮುಚ್ಚಿಡಬೇಡಿ. ಬಹಳಷ್ಟು ಮಂದಿಗೆ ಮಾತ್ರೆಯಿಂದಲೇ ಫಿಟ್ಸ್ ಹತೋಟಿಗೆ ಬರುತ್ತದೆ.

ಪ್ರಶ್ನೆ: ರಾತ್ರಿರಾಣಿಯ ವಾಸನೆಗೆ ಹಾವು ಬರುತ್ತದೆಯೇ? – ಶಿರಸಿ

ಉತ್ತರ: ಇಲ್ಲ. ಪೊದೆಯ ತಂಪಿಗೆ, ಅಲ್ಲಿನ ಇಲಿ, ಕಪ್ಪೆಗಳಿಗೆ ಬರುತ್ತದೆ. ಬುಡ ಚೊಕ್ಕಟವಾಗಿಡಿ. ಆ ವಾಸನೆಗೆ ಅರೆತಲೆನೋವು ಏಳುವವರು ಗಿಡವನ್ನು ಕಿಟಕಿಯಿಂದ ದೂರ ನೆಡಿ.

ಪ್ರಶ್ನೆ: ಅಪ್ಪನಿಗೆ 66 ವರ್ಷ. ಒಂದು ವರ್ಷದಿಂದ ಕಾಫಿಯ ವಾಸನೆ, ಪೂಜೆಯ ಹೂವಿನ ವಾಸನೆ ತಿಳಿಯುತ್ತಿಲ್ಲ. ಮಂಕಾಗಿದ್ದಾರೆ. ವಯಸ್ಸಿನ ಕಾರಣವೇ?
– ಮೈಸೂರು

ಉತ್ತರ: ವಯಸ್ಸು ಎಂದು ಕೈಚೆಲ್ಲಬೇಡಿ. ಮೊದಲು ಕಿವಿ-ಮೂಗು-ಗಂಟಲು ತಜ್ಞರು ಎಂಡೊಸ್ಕೋಪಿಯಿಂದ ಮೂಗಿನೊಳಗೆ ನೋಡಲಿ. ಪಾಲಿಪ್, ಹಳೆಯ ಸೈನಸ್, ಕೋವಿಡ್, ತಲೆಗೆ ಬಿದ್ದ ಪೆಟ್ಟು, ಏನೂ ಇರಬಹುದು. ಆಮೇಲೆ ನರತಜ್ಞರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ವಾಸನೆ ಹೋಗಬಹುದು. ನಡಿಗೆ ನಿಧಾನವಾಗಿದೆಯೇ, ಅಕ್ಷರ ಸಣ್ಣದಾಗಿದೆಯೇ, ನಿದ್ದೆಯಲ್ಲಿ ಕೂಗಿ ಕೈ ಬೀಸುತ್ತಾರೆಯೇ, ಮರೆವಿದೆಯೇ, ಬರೆದುಕೊಂಡು ಹೋಗಿ. ಊಟದ ರುಚಿ ಹೋದವರ ಮನಸ್ಸು ಕುಗ್ಗುವುದು ಸಹಜ, ರೇಗಬೇಡಿ.

ಮೂಗಿಗೆ ತರಬೇತಿಯೂ ಉಂಟು. ಜರ್ಮನಿಯ ಡ್ರೆಸ್ಡೆನ್‌ನ ವೈದ್ಯರು 2009ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ಬೆಳಿಗ್ಗೆ ಸಂಜೆ, ಗಮನವಿಟ್ಟು, 12 ವಾರ ಮೂಸಬೇಕು. ಫಿಟ್ಸ್ ಇದ್ದವರಿಗೆ ನೀಲಗಿರಿ ಬೇಡ. ಎಲ್ಲರಿಗೂ ಫಲ ಸಿಗುವುದಿಲ್ಲ, ಆದರೂ ಮಾಡಿಸಿ. ಅಪ್ಪನಿಗೆ ಗ್ಯಾಸ್ ಸೋರಿದರೆ ತಿಳಿಯುವುದಿಲ್ಲ. ಅಡುಗೆಮನೆಗೆ ಸೋರಿಕೆ ಅಲಾರಂ ಹಾಕಿಸಿ, ಹಿಂದಿನ ದಿನದ ಸಾರನ್ನು ಬೇರೆಯವರು ಮೂಸಿ ನೋಡಿ ಬಡಿಸಲಿ.